ಸೀಸ ಸುತ್ತಿದ ಚಿಮಟ

ಮೆಹದಿಪಟ್ಟಣಂನ ನಮ್ಮ ಬಾಡಿಗೆ ಮನೆಗೆ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಬಂದ ನೀರಿನಲ್ಲಿ ಮೊದಲ ಪಾಲು ಅಡುಗೆಮನೆಗೆ, ಮುಂದಿನ ಎರಡು ಬಕೆಟ್ ಹಾಲ್‌ನ ಮೂಲೆಯ ನೀಲಿ ಡ್ರಮ್ಮಿಗೆ. ಡ್ರಮ್ಮಿನ ನೀರನ್ನು ಯಾರೂ ಮುಟ್ಟುವಂತಿರಲಿಲ್ಲ. ಎರಡು ದಿನ ಮುಚ್ಚಳ ತೆಗೆದಿಟ್ಟು, ಕ್ಲೋರಿನ್ ವಾಸನೆ ಹೋದ ಮೇಲೆ ಅದು ಅಪ್ಪನ ಗಾಜಿನ ತೊಟ್ಟಿ ಸೇರಬೇಕಿತ್ತು. ತೊಟ್ಟಿ ಮೂರಡಿ ಉದ್ದ, ಒಂದೂವರೆ ಅಡಿ ಆಳ. ಗಾಜು ಕೊಯ್ದು, ಅಂಟು ಹಚ್ಚಿ ಅಪ್ಪನೇ ಮಾಡಿದ್ದು. ಅದರಲ್ಲಿ ಮೀನು ಆರೇ ಆರು, ಉಳಿದದ್ದೆಲ್ಲ ಗಿಡ. ಹಿಂಭಾಗದಲ್ಲಿ ರಿಬ್ಬನ್ನಿನಂತೆ ಉದ್ದನೆಯ ಎಲೆಗಳು, ನಡುವೆ ಕಂದು ಎಲೆಯ ಕುಳ್ಳ ಪೊದೆಗಳು, ಮುಂದೆ ಕೂದಲೆಳೆಯಂಥ ಹುಲ್ಲು. ಮನೆಗೆ ಬಂದವರು ಬಗ್ಗಿ ಮೀನು ಹುಡುಕುತ್ತಿದ್ದರು. ಅಪ್ಪ ಹುಲ್ಲು ತೋರಿಸುತ್ತಿದ್ದ. ತೊಟ್ಟಿಯಿಂದ ತೆಗೆದ ಹಳೆಯ ನೀರನ್ನು ಅವ್ವ ಮಹಡಿಯ ಕರಿಬೇವಿಗೆ ಸುರಿಯುತ್ತಿದ್ದಳು. ಆ ಕರಿಬೇವು ಇಡೀ ಓಣಿಯಲ್ಲೇ ಎಲ್ಲಕ್ಕಿಂತ ದಟ್ಟವಾಗಿ ಬೆಳೆದಿತ್ತು. ತೊಟ್ಟಿಯ ಬಗ್ಗೆ ಅವಳ ತಕರಾರು ನಿಲ್ಲುತ್ತಿದ್ದುದು ಅಲ್ಲಿಗೆ ಮಾತ್ರ.

ಗದಗ ಕಡೆಯಿಂದ ಬಂದ ಅಪ್ಪ ರಕ್ಷಣಾ ಇಲಾಖೆಗೆ ಸೇರಿದ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿದ್ದ. ಬೇರೆಯವರು ಮಾಡಿದ ಭಾಗಗಳು ಸರಿಯಾಗಿವೆಯೇ ಎಂದು ಅಳೆಯುವ ಗೇಜುಗಳನ್ನು ಕೈಯಿಂದ ಉಜ್ಜಿ ಅಳತೆಗೆ ತರುವುದು ಅವನ ಕೆಲಸ. ಹಾಗಾಗಿ ನಮ್ಮ ಮನೆಯಲ್ಲಿ ಒಂದು ಸ್ಕ್ರೂಡ್ರೈವರ್‌ನಿಂದ ಡಬ್ಬಿಯ ಮುಚ್ಚಳ ಎಬ್ಬಿಸುವುದು ಅಪರಾಧವಾಗಿತ್ತು. ಒಂದು ಹತಾರಕ್ಕೆ ಒಂದೇ ಕೆಲಸ. ಮೀನಿನ ಅಂಗಡಿಯವರ ಬಳಿ ಬಲೆ, ಪಂಪು ಸಿಗುತ್ತಿದ್ದವು. ಗಿಡ ನೆಡಲು ಏನಿದೆ ಎಂದು ಕೇಳಿದರೆ ಅವರು ತಮ್ಮ ಬೆರಳು ತೋರಿಸುತ್ತಿದ್ದರು. ಬೆರಳು ಹಾಕಿದರೆ ಮರಳಿನಲ್ಲಿ ಕುಣಿಯಾಗುತ್ತದೆ, ಒಂದನ್ನು ನೆಡುವಾಗ ಪಕ್ಕದ ನಾಲ್ಕು ಕಿತ್ತುಬರುತ್ತವೆ. ಅದಕ್ಕೇ ಅಪ್ಪ ನನ್ನನ್ನು ಕರೆದುಕೊಂಡು ಕೋಠಿಯ ಸರ್ಜಿಕಲ್ ಅಂಗಡಿಗೆ ಹೋದ. ಆಸ್ಪತ್ರೆಗಳಿಗೆ ಕತ್ತರಿ, ಚಿಮಟ ಮಾರುವ ಆ ಇಕ್ಕಟ್ಟಾದ ಅಂಗಡಿಯಲ್ಲಿ ಅವನು ಒಂದು ಗಂಟೆ ನಿಂತ. ಹತ್ತಿಂಚಿನ ಒಂಬತ್ತು ಚಿಮಟಗಳನ್ನು ಸಾಲಾಗಿ ಇಡಿಸಿದ. ಒಂದೊಂದನ್ನೂ ಐವತ್ತು ಸಲ ಒತ್ತಿ ಬಿಟ್ಟು ಹೆಬ್ಬೆರಳು ದಣಿಯುತ್ತದೆಯೇ ನೋಡಿದ. ಆಮೇಲೆ ನನ್ನ ಜಡೆಯಿಂದ ಒಂದು ಕೂದಲು ಕಿತ್ತು, ಅದನ್ನು ಚಿಮಟದ ತುದಿಯಲ್ಲಿ ಹಿಡಿದು ಎಳೆದ. ಜಾರಿದರೆ ತುದಿಗಳು ಸರಿಯಾಗಿ ಕೂಡಿಲ್ಲ ಎಂದರ್ಥ. ಆರನೆಯ ಕೂದಲಿಗೆ ಅಂಗಡಿಯ ಸಾಹೇಬರು ಗಲ್ಲೆಯಿಂದ ತಲೆಯೆತ್ತಿದರು.

"ಅರೆ ಸಾಬ್, ಬಚ್ಚೀಕು ಗಂಜೀ ಕರಕೇಚ್ ಛೋಡತೇ ಕ್ಯಾ?"

ಮಗುವನ್ನು ಬೋಳು ಮಾಡಿಯೇ ಬಿಡುತ್ತೀರೇನು ಎಂದು ಅವರು ಕೇಳಿದ್ದು. ಅಪ್ಪ ನಗಲಿಲ್ಲ. ಏಳನೆಯದು ಕೂದಲನ್ನು ಬಿಡಲಿಲ್ಲ, ಅದನ್ನೇ ಕೊಂಡ. ತುದಿ ಬಾಗಿದ ಒಂದು ಕತ್ತರಿಯನ್ನೂ ಆರಿಸಿದ. ನೆಲಕ್ಕಂಟಿದ ಹುಲ್ಲನ್ನು ಸಮನಾಗಿ ಕತ್ತರಿಸಲು ನೇರ ಕತ್ತರಿ ನಡೆಯುವುದಿಲ್ಲ, ಕೈ ಗಾಜಿಗೆ ತಾಗುತ್ತದೆ. ನೀರು ಎಳೆಯುವ ಪಾರದರ್ಶಕ ಕೊಳವೆ ಜುಮ್ಮೇರಾತ್ ಬಜಾರಿನಲ್ಲಿ ಸಿಕ್ಕಿತು. ಗಾಜಿನ ಪಾಚಿ ಕೆರೆಯುವ ಅಲಗನ್ನು ಅವನೇ ಮಾಡಿಕೊಂಡ. ಮನೆಗೆ ಬಂದು ಹೊಸ ಚಿಮಟವನ್ನು ಅವ್ವನ ಬಟ್ಟಲಲ್ಲಿ ಉಪ್ಪುನೀರು ಹಾಕಿ ಮುಳುಗಿಸಿಟ್ಟ, ತುಕ್ಕು ಹಿಡಿಯುತ್ತದೆಯೇ ನೋಡಲು. ಆ ಬಟ್ಟಲಿಗಾಗಿ ಎರಡು ದಿನ ಜಗಳ ನಡೆಯಿತು. ಆ ದಿನಗಳಲ್ಲಿ ಬಸ್ಸಿನಲ್ಲಿ ಅಪ್ಪ ಹೇಳಿದ ಒಂದು ಮಾತು ನನಗೆ ಹಾಗೇ ನೆನಪಿದೆ.

"ನೋಡು ಅವ್ವಿ, ಹತ್ಯಾರ ಕೈಗೆ ತಕ್ಕಂಗ ಇರಬೇಕು. ಕೆಲಸಕ್ಕ ಬೇಕಾದಕ್ಕಿಂತ ಒಂದಿಂಚು ಜಾಸ್ತಿ ಆತಂದ್ರ ಅದು ನಿನ್ನ ಮಾತು ಕೇಳೂದಿಲ್ಲ. ಕೈಯಾಗ ಕೂದಲೆಳಿ ತಪ್ಪಿದ್ರ ತುದಿಗೆ ಬೆರಳಷ್ಟು ತಪ್ಪತೈತಿ."

ಮರುವರ್ಷ ಮಳೆಗಾಲದಲ್ಲಿ ಹುಲ್ಲು ತೇಲತೊಡಗಿತು. ನೆಡುವ ಕ್ರಮ ನನಗೆ ಗೊತ್ತಿತ್ತು: ಬೇರನ್ನು ಚಿಮಟದ ತುದಿಯಲ್ಲಿ ಹಿಡಿದು, ಓರೆಯಾಗಿ ಮರಳಿಗಿಳಿಸಿ, ತುದಿಯನ್ನು ತುಸುವೇ ಬಿಚ್ಚಿ, ಅಲುಗಿಸದೆ ಹಿಂದೆ ಎಳೆದುಕೊಳ್ಳಬೇಕು. ಎಳೆಯುವಾಗ ಕೈ ಅಲುಗಿದರೆ ಗಿಡ ಚಿಮಟದ ಜೊತೆಗೇ ಮೇಲೆ ಬರುತ್ತದೆ. ಅಪ್ಪ ಸಂಜೆ ಹತ್ತು ಎಸಳು ನೆಟ್ಟರೆ ಏಳು ತೇಲುತ್ತಿದ್ದವು. ಮರಳು ಹಗುರ ಎಂದ. ದಪ್ಪ ಮರಳು ತಂದ. ಮೀನು ಕೆದರುತ್ತಿವೆ ಎಂದ. ಎರಡು ಮೀನನ್ನು ಪಕ್ಕದ ಮನೆಯವರಿಗೆ ಕೊಟ್ಟ. ಕೊನೆಗೆ ಚಿಮಟವೇ ಸರಿಯಿಲ್ಲ, ಗಿಡ್ಡವಾಯಿತು, ಇನ್ನೂ ಉದ್ದದ್ದಾದರೆ ಮೊಣಕೈಯನ್ನು ತೊಟ್ಟಿಯ ಅಂಚಿಗೆ ಊರಬಹುದು ಎಂದ. ನಾವು ಮತ್ತೆ ಕೋಠಿಗೆ ಹೋಗಿ ಹನ್ನೆರಡು ಇಂಚಿನದು ತಂದೆವು. ಇಪ್ಪತ್ತು ದಿನದ ಮೇಲೆ ಮತ್ತೆ ಹೋಗಿ ಹದಿನೈದು ಇಂಚಿನದು. ಈ ಎರಡಕ್ಕೂ ಅಪ್ಪ ನನ್ನ ಕೂದಲು ಕೀಳಲಿಲ್ಲ. ಹದಿನೈದರದನ್ನು ಕಾಗದದಲ್ಲಿ ಸುತ್ತುತ್ತ ಸಾಹೇಬರು ಕೇಳಿದರು:

"ಪೇಷೆಂಟ್ ಕಿತ್ನಾ ಗಹರಾ ಹೈ, ಸಾಬ್?"

ರೋಗಿ ಎಷ್ಟು ಆಳ ಎಂಬುದು ಅವರ ತಮಾಷೆ. ಅಪ್ಪ ದುಡ್ಡು ಎಣಿಸಿಟ್ಟ. ಆ ಸಂಜೆ ನಾನು ತೊಟ್ಟಿಯ ಪಕ್ಕದ ಗಾಜಿನಿಂದ ನೋಡುತ್ತ ಕುಳಿತಿದ್ದೆ. ಮೇಲೆ ಅಪ್ಪನ ಕೈ ಸುಮ್ಮನಿರುವಂತೆ ಕಾಣುತ್ತಿತ್ತು. ಕೆಳಗೆ, ನೀರಿನಲ್ಲಿ, ಚಿಮಟದ ತುದಿ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಹತ್ತಿಂಚಿನದರಲ್ಲಿ ಅದು ಇಷ್ಟಿರಲಿಲ್ಲ. ನನಗೆ ಆಗ ಹನ್ನೊಂದು ವರ್ಷ. ಕಂಡದ್ದನ್ನು ಕಂಡ ಹಾಗೇ ಹೇಳಿದೆ.

"ಉದ್ದ ಆದಷ್ಟೂ ತುದಿ ಜಾಸ್ತಿ ಅಲಗಾಕತ್ತೈತಿ, ಅಪ್ಪಾ."

"ಯಾರು ಹೇಳಿದ್ರು ನಿನಗ?"

"ನೀವ ಹೇಳಿದ್ರಿ. ಬಸ್ಸಿನ್ಯಾಗ."

ಅವನು ಚಿಮಟವನ್ನು ಹೊರಗೆ ತೆಗೆದು, ಒರೆಸಿ, ಬಟ್ಟೆಯ ಮೇಲೆ ಇಟ್ಟ. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಅದು ನಿಲ್ಲದಿರುವುದನ್ನು ಖಚಿತ ಮಾಡಿಕೊಂಡು ತಗ್ಗಿದ ದನಿಯಲ್ಲಿ ಹೇಳಿದ:

"ದಸರಾ ಆದಮ್ಯಾಲೆ ಕಾರ್ಖಾನ್ಯಾಗ ಮೆಡಿಕಲ್ ಐತಿ. ಕೈ ಚಾಚಿಸಿ ನಿಂದರಸ್ತಾರ. ಮ್ಯಾಲೊಂದು ಹಾಳಿ ಇಡ್ತಾರ. ಹಾಳಿ ಅಲಗಿತಂದ್ರ ನನ್ನ ಖಿಡಕಿಗೆ ಹಾಕ್ತಾರ. ಅಲ್ಲೀತನ ಇದು ನಮ್ಮಿಬ್ಬರೊಳಗ ಇರಲಿ. ಅವ್ವಗೂ ಬ್ಯಾಡ."

ಖಿಡಕಿ ಎಂದರೆ ಏನೆಂದು ನನಗೆ ಗೊತ್ತಿತ್ತು. ಟೂಲ್ ರೂಮಿನ ತುದಿಯಲ್ಲಿ ತಂತಿಜಾಲರಿಯ ಒಂದು ಕಿಟಕಿ. ಅದರ ಹಿಂದೆ ಕುಳಿತವನು ಚೀಟಿ ನೋಡಿ ಹತಾರ ಕೊಡುತ್ತಾನೆ, ಸಂಜೆ ವಾಪಸ್ ತೆಗೆದುಕೊಳ್ಳುತ್ತಾನೆ. ಪಗಾರ ಅಷ್ಟೇ ಇರುತ್ತದೆ. ಆದರೆ ಅವನು ಏನನ್ನೂ ಮಾಡುವುದಿಲ್ಲ. ಅಲ್ಲಿ ಕೂರುವವರನ್ನು ಅಪ್ಪನೇ ಊಟದ ಹೊತ್ತಿಗೆ "ಖಿಡಕಿ ಮುದುಕ" ಎಂದು ಆಡಿಕೊಂಡದ್ದುಂಟು. ಅಂದಿನಿಂದ ನನಗೆ ಒಂದು ಕೆಲಸ ಹತ್ತಿತು. ಅವ್ವ ಹಾಲ್‌ಗೆ ಬರುವ ಮೊದಲು ತೇಲಿದ ಹುಲ್ಲನ್ನು ಬಲೆಯಿಂದ ಬಳಿದು ಬಚ್ಚಲಿಗೆ ಹಾಕುವುದು. ಊಟಕ್ಕೆ ಕೂತಾಗ ಅಪ್ಪನ ಬಟ್ಟಲನ್ನು ನಾನೇ ಅವನ ತಾಟಿನ ಪಕ್ಕಕ್ಕೆ ಸರಿಸುವುದು, ಅವನು ಎತ್ತಬೇಕಾಗದಂತೆ. ಅವನು ಚಹಾವನ್ನು ಬಸಿಗೆ ಸುರಿದು ಕುಡಿಯುವುದನ್ನು ಬಿಟ್ಟ. ಗ್ಲಾಸನ್ನು ಎರಡೂ ಕೈಯಿಂದ ಹಿಡಿಯತೊಡಗಿದ. ಮೂರು ಜನರ ಮನೆಯಲ್ಲಿ ಇಬ್ಬರು ಮೂರನೆಯವಳ ಕಣ್ಣು ತಪ್ಪಿಸಿ ಉಣ್ಣುತ್ತಿದ್ದೆವು.

ಅವ್ವನ ಕಣ್ಣು ತಪ್ಪಿರಲಿಲ್ಲ. ಆದರೆ ಅವಳು ಕಂಡದ್ದೇ ಬೇರೆ. ಅವಳ ಅಣ್ಣನೊಬ್ಬ ಊರಿನಲ್ಲಿ ಕುಡಿದು ಕುಡಿದು ತೀರಿಹೋಗಿದ್ದ. ಕೊನೆಯ ಎರಡು ವರ್ಷ ಅವನಿಗೆ ಅವಳ ತಾಯಿಯೇ ತುತ್ತು ಮಾಡಿ ತಿನ್ನಿಸುತ್ತಿದ್ದಳಂತೆ. ನಡುಗುವ ಕೈ ಎಂದರೆ ಅವಳ ಮಟ್ಟಿಗೆ ಅದೊಂದೇ ಆಗಿತ್ತು. ಅಪ್ಪ ಅಂಗಿ ಕಳಚಿದ ಕೂಡಲೇ ಅದನ್ನು ಒಗೆಯಲು ಒಯ್ಯುವ ನೆಪದಲ್ಲಿ ಮೂಗಿಗೆ ಹಿಡಿಯುತ್ತಿದ್ದಳು. ವಾಸನೆ ಇಲ್ಲದಿದ್ದರೆ ಸಮಾಧಾನವಾಗುತ್ತಿರಲಿಲ್ಲ. ಮುಚ್ಚಿಡುವ ಜಾಣತನ ಬಂದಿದೆ ಎಂದುಕೊಳ್ಳುತ್ತಿದ್ದಳು. ಒಂದು ಸಂಜೆ ಮಹಡಿಯಲ್ಲಿ ಬಟ್ಟೆ ತೆಗೆಯುತ್ತ ನನ್ನನ್ನು ಹಿಡಿದು ನಿಲ್ಲಿಸಿದಳು.

"ನೀ ಅವರ ಬಾಲ ಆಗಿ ಅಡ್ಡಾಡ್ತಿ. ಕಾರ್ಖಾನಿಯಿಂದ ಬರೂ ಮುಂದ ಎಲ್ಲೆರ ನಿಂದರ್ತಾರೇನು?"

"ನನಗ ಗೊತ್ತಿಲ್ಲವ್ವ."

"ಗೊತ್ತಿಲ್ಲಂದ್ರ ನನ್ನ ಮಾರಿ ನೋಡಿ ಹೇಳು."

ನಾನು ಕರಿಬೇವನ್ನು ನೋಡಿ ಹೇಳಿದೆ. ಅವಳು ಮತ್ತೆ ಕೇಳಲಿಲ್ಲ. ಆ ವಾರ ದೇವರ ಮುಂದೆ ಹೆಚ್ಚು ಹೊತ್ತು ಕುಳಿತಳು. ರಾಯಚೂರಿನ ತಂಗಿಗೆ ಫೋನು ಮಾಡಿ, ನಾನು ಹತ್ತಿರ ಬಂದಾಗ ಮಾತು ನಿಲ್ಲಿಸಿದಳು. ರಜೆಗೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗುವ ಮಾತು ಅದು ಎಂದು ಅಂದಾಜಾಯಿತು. ರಜೆ ಮುಗಿದ ಮೇಲೆ ವಾಪಸ್ ಬರುವ ಮಾತು ಅದರಲ್ಲಿ ಇತ್ತೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಬಾಯಿ ಬಿಟ್ಟರೆ ಅಪ್ಪ ಖಿಡಕಿಗೆ ಹೋಗುತ್ತಾನೆ, ಬಿಡದಿದ್ದರೆ ಅವ್ವ ಅವನನ್ನು ಕುಡುಕ ಎಂದೇ ನಂಬುತ್ತಾಳೆ ಎನ್ನುವುದು ಮಾತ್ರ ತಿಳಿದಿತ್ತು.

ಈ ನಡುವೆ ಅಪ್ಪ ಒಂದು ಉಪಾಯ ಕಂಡುಕೊಂಡ. ಅಂಗಡಿಯಲ್ಲಿ ನೀರುಗಿಡದ ಕಟ್ಟುಗಳು ಮುಳುಗಿರಲೆಂದು ಬುಡಕ್ಕೆ ತೆಳ್ಳನೆಯ ಸೀಸದ ಪಟ್ಟಿ ಸುತ್ತಿರುತ್ತಾರೆ. ಅಪ್ಪ ಅವನ್ನು ಎಸೆಯದೆ ಡಬ್ಬಿಯಲ್ಲಿ ಇಟ್ಟಿದ್ದ. ಉದ್ದದ ಎರಡು ಚಿಮಟಗಳನ್ನು ಬದಿಗಿಟ್ಟು, ಮೊದಲ ಹತ್ತಿಂಚಿನದನ್ನೇ ತೆಗೆದು, ಅದರ ಹಿಂಭಾಗಕ್ಕೆ ಆ ಸೀಸವನ್ನು ಪದರ ಪದರವಾಗಿ ಸುತ್ತಿದ. ಹೆಬ್ಬೆರಳು ಕೂರುವಲ್ಲಿ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ದಪ್ಪ ಮಾಡಿದ. ತೂಗಿ ನೋಡಿದ, ಒಂದು ಸುತ್ತು ಬಿಚ್ಚಿದ, ಮತ್ತೆ ತೂಗಿದ. ಭಾರವಿದ್ದರೆ ನಡುಕ ತಗ್ಗುತ್ತದೆ. ಆ ಸಂಜೆ ಹದಿನಾಲ್ಕು ಎಸಳು ನೆಟ್ಟ, ಒಂದೂ ತೇಲಲಿಲ್ಲ. ಅಪ್ಪ ತೋಳಿನ ನೀರು ಒರೆಸಿಕೊಂಡ. ಆ ಚಿಮಟವನ್ನು ತೊಟ್ಟಿಯ ಸ್ಟ್ಯಾಂಡಿನ ಹಿಂದೆ, ಗೋಡೆಯ ಕಡೆ, ಬಟ್ಟೆಯಲ್ಲಿ ಸುತ್ತಿ ಇಟ್ಟ. ಚಾಚಿದ ಕೈಯ ಮೇಲಿನ ಹಾಳೆಗೆ ಸೀಸ ಸುತ್ತಲು ಬರುವುದಿಲ್ಲ ಎನ್ನುವುದು ಅವನಿಗೂ ಗೊತ್ತಿದ್ದಿರಬೇಕು.

ಮಹಾನವಮಿಯ ದಿನ ನಮ್ಮಲ್ಲಿ ಖಂಡೇಪೂಜೆ. ಮನೆಯಲ್ಲಿ ಇದ್ದ ಹತಾರಗಳೆಲ್ಲ ತೊಳೆದು ಮಣೆಯ ಮೇಲೆ ಕೂರಬೇಕು. ಪೂಜೆಯಾದ ಮೇಲೆ ಮರುದಿನ ಬೆಳಗಿನ ತನಕ ಯಾರೂ ಒಂದನ್ನೂ ಮುಟ್ಟುವಂತಿಲ್ಲ. ಹಿಂದಿನ ದಿನವೇ ತರಕಾರಿ ಹೆಚ್ಚಿಟ್ಟುಕೊಳ್ಳುತ್ತಿದ್ದರು. ಅಪ್ಪ ಬೆಳಿಗ್ಗೆಯೇ ಕಾರ್ಖಾನೆಯ ಪೂಜೆಗೆ ಹೋಗಿದ್ದ. ಪ್ರತಿ ವರ್ಷದಂತೆ ಮಧ್ಯಾಹ್ನ ತನ್ನ ಫೋರ್‌ಮನ್ ಯಾದಗಿರಿಯವರನ್ನು ಹೋಳಿಗೆ ಊಟಕ್ಕೆ ಕರೆತರುವವನಿದ್ದ. ಅವ್ವ ಕೆಂಪು ಬಟ್ಟೆ ಹಾಸಿ ಈಳಿಗೆ, ಕತ್ತರಿ, ಹೊಲಿಗೆ ಯಂತ್ರದ ಸೂಜಿ, ನನ್ನ ಕಂಪಾಸ್ ಪೆಟ್ಟಿಗೆ, ಸೈಕಲ್ಲಿನ ಪಾನಾ, ತೊಟ್ಟಿಯ ಬಾಗಿದ ಕತ್ತರಿ, ಪಾಚಿ ಕೆರೆಯುವ ಅಲಗು, ಎಲ್ಲವನ್ನೂ ಜೋಡಿಸಿದಳು. ವಿಭೂತಿ ಹಚ್ಚುತ್ತ ಬಂದವಳು ಚಿಮಟಗಳ ಹತ್ತಿರ ನಿಂತಳು.

"ಮೂರು ತಂದಿದ್ರಿ. ಎರಡ ಅದಾವಲ್ಲ. ಮೊದಲನೇದು, ಸಣ್ಣದು, ಎಲ್ಲೈತಿ?"

ನಾನು ಹೂವಿನ ಬುಟ್ಟಿಯತ್ತ ತಿರುಗಿದೆ.

"ಹುಡುಕಿ ತಾ. ಒಂದು ಬಿಟ್ಟರೂ ಅದು ಸಿಟ್ಟಾಗತೈತಿ. ವರ್ಷದಾಗ ಬಳಸಾವರ ಕೈ ತಗೋತೈತಿ."

ಬಳಸುವವರ ಕೈ ತೆಗೆದುಕೊಳ್ಳುತ್ತದೆ ಎಂಬ ಆ ಮಾತಿಗೆ ಹೆದರಿ ನಾನು ಸ್ಟ್ಯಾಂಡಿನ ಹಿಂದೆ ಕೈ ಹಾಕಿದೆ ಎಂದು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ಅದು ನಿಜ. ಆದರೆ ಪೂರ್ತಿ ನಿಜವಲ್ಲ. ಅವ್ವ ಅದನ್ನು ನೋಡಲಿ, ನೋಡಿ ಅಂಗಿ ಮೂಸುವುದನ್ನು ನಿಲ್ಲಿಸಲಿ ಎಂಬ ಆಸೆಯೂ ಇತ್ತು. ಎರಡರಲ್ಲಿ ಯಾವುದು ಹೆಚ್ಚು ಎಂದು ತೂಗಲು ನನ್ನಿಂದ ಆಗಿಲ್ಲ. ಅವ್ವ ಸುತ್ತಿದ್ದ ಬಟ್ಟೆ ಬಿಡಿಸಿ ಚಿಮಟವನ್ನು ತಿರುಗಿಸಿ ನೋಡಿದಳು. "ಇದಕ್ಕ್ಯಾಕ ಇಷ್ಟು ಸುತ್ಯಾರ?" ಎಂದಳು, ಉತ್ತರಕ್ಕೆ ಕಾಯದೆ ವಿಭೂತಿ, ಕುಂಕುಮ ಹಚ್ಚಿ, ಎರಡು ಉದ್ದದವುಗಳ ಮುಂದೆ ಇಟ್ಟಳು. ಹೂವು ಏರಿಸಿ ಕರ್ಪೂರ ಬೆಳಗಿದಳು. ಇನ್ನು ಅದನ್ನು ಯಾರೂ ಎತ್ತುವಂತಿರಲಿಲ್ಲ. ಹತ್ತು ನಿಮಿಷದಲ್ಲಿ ಮೆಟ್ಟಿಲ ಮೇಲೆ ಎರಡು ಜೊತೆ ಬೂಟಿನ ಸದ್ದಾಯಿತು.

ಅಪ್ಪ ಒಳಗೆ ಬಂದವನೇ ಮಣೆಯನ್ನು ನೋಡಿದ, ಆಮೇಲೆ ನನ್ನನ್ನು. ಬೈಯುವ ನೋಟವಾಗಿರಲಿಲ್ಲ. ಬಸ್ಸು ತಪ್ಪಿಸಿಕೊಂಡವನು ಬಸ್ಸಿನ ಹಿಂಭಾಗ ನೋಡುವ ಹಾಗೆ ನೋಡಿದ. ಯಾದಗಿರಿಯವರು ಮೂವತ್ತು ವರ್ಷ ಬೆಂಚಿನಲ್ಲಿ ಕೆಲಸ ಮಾಡಿ ಫೋರ್‌ಮನ್ ಆದವರು. ಕಡಿಮೆ ಮಾತಿನ, ದೊಡ್ಡ ದೇಹದ ಮನುಷ್ಯ. ಬೂಟು ಕಳಚಿ, ಕೈಕಾಲು ತೊಳೆದು, ಮಣೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ನಮಸ್ಕಾರ ಮಾಡಿದರು. ಕೈಮುಗಿದವರು ಹಾಗೇ ಉಳಿದರು. ಅವರ ಕಣ್ಣು ಸೀಸದ ಸುತ್ತುಗಳನ್ನು ಎಣಿಸುವಂತೆ ಚಿಮಟದ ಮೇಲೆ ಹೋಗಿ, ರಬ್ಬರಿನ ಬಳಿ ನಿಂತಿತು. ಮುಟ್ಟಲಿಲ್ಲ. ತಿರುಗದೆಯೇ ತೆಲುಗಿನಲ್ಲಿ ಕೇಳಿದರು:

"ಇದಿ ಎವರಿ ಚೇತಿಕಿ ಚೇಸಿಂದಿ?"

ಇದು ಯಾರ ಕೈಗೆ ಮಾಡಿದ್ದು? ಹುಡುಗಿಯ ಕೈಗೆ ಎಂದು ಅಪ್ಪ ಹೇಳಬಹುದಿತ್ತು. ನಾನು ಅಲ್ಲೇ ನಿಂತಿದ್ದೆ. ಹೌದೆಂದು ತಲೆಯಾಡಿಸಲು ಸಿದ್ಧಳಿದ್ದೆ. ಯಾದಗಿರಿಯವರು ಆ ಉತ್ತರವನ್ನು ಒಪ್ಪಿಕೊಳ್ಳುತ್ತಿದ್ದರು ಎಂದೇ ಈಗ ನನಗನ್ನಿಸುತ್ತದೆ. ಅಪ್ಪ ಪೂಜೆಯ ಮಣೆ ನೋಡುತ್ತ ಹೇಳಿದ:

"ನಾ ಚೇತಿಕೇ, ಸಾರ್."

ನನ್ನ ಕೈಗೇ. ಅವ್ವನಿಗೆ ಅಷ್ಟು ತೆಲುಗು ಬರುತ್ತಿತ್ತು. ಅವಳ ಕೈಯಲ್ಲಿದ್ದ ತುಪ್ಪದ ಗಿಂಡಿ ಗಾಳಿಯಲ್ಲೇ ನಿಂತಿತು. ಯಾದಗಿರಿಯವರು ಮೊಣಕಾಲಿಗೆ ಕೈಯೂರಿ ಎದ್ದರು.

"ಬ್ಯಾಲೆನ್ಸ್ ಬಾಗುಂದಿ" ಎಂದರು.

ತೂಕ ಚೆನ್ನಾಗಿ ಕೂತಿದೆ ಎಂದು ಹೇಳಿ ಅವರು ಊಟಕ್ಕೆ ಕೂತರು. ಮೂರು ಹೋಳಿಗೆ ತಿಂದು, ಕಟ್ಟಿನ ಸಾರನ್ನು ಎರಡು ಸಲ ಹಾಕಿಸಿಕೊಂಡು, ಹೊರಟರು. ಕೈ, ಕೆಲಸ, ಮೆಡಿಕಲ್ ಎಂಬ ಪದಗಳು ಬಾಯಿಗೆ ಬರಲಿಲ್ಲ. ಅವರ ಬೂಟಿನ ಸದ್ದು ಕೆಳಗಿಳಿದ ಮೇಲೆ ಅವ್ವ ಅಪ್ಪನ ಎದುರು ನಿಂತಳು.

"ಅಂದ್ರ… ಕುಡಿಯಾಕತ್ತಿಲ್ಲೇನ್ರಿ?"

"ಯಾರು?"

"ನೀವ್ರಿ."

ಅಪ್ಪನಿಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು.

"ಹುಚ್ಚಿ. ಚಹಾನ ತುಳುಕತೈತಿ. ಅದನ್ನೆಂಗ ಕುಡೀಲಿ?"

ಅವ್ವ ನಕ್ಕಳು, ನಗುತ್ತಲೇ ಗೋಡೆಗೆ ಒರಗಿ ಕೂತಳು, ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಂದು ಸಂಜೆಯಿಂದ ಅಪ್ಪನ ಗ್ಲಾಸಿಗೆ ಅರ್ಧವೇ ಚಹಾ ಹಾಕಿ, ಮುಗಿದ ಮೇಲೆ ಇನ್ನರ್ಧ ತಂದು ಹಾಕತೊಡಗಿದಳು. ಚಿಮಟ ಮರುದಿನ ಬೆಳಗಿನ ತನಕ ಮಣೆಯ ಮೇಲೆ ಹೂವಿನ ಕೆಳಗೆ ಇತ್ತು. ಹಾಲ್‌ನಲ್ಲಿ ಅತ್ತಿತ್ತ ಓಡಾಡುವಾಗ ನಾವು ಮೂವರೂ ಅದನ್ನು ಸುತ್ತಿಕೊಂಡು ಹೋದೆವು.

ಬೆಳಿಗ್ಗೆ ಅಪ್ಪ ಎಲ್ಲ ಹತಾರಗಳನ್ನು ಅವುಗಳ ಜಾಗಕ್ಕೆ ಇಟ್ಟು, ಕೊನೆಗೆ ಅದನ್ನು ಎತ್ತಿಕೊಂಡು ಸೀಸವನ್ನು ಪೂರ್ತಿ ಬಿಚ್ಚಿದ. ಮೆಡಿಕಲ್‌ಗೆ ಮೊದಲೇ ಅವನು ಖಿಡಕಿಗೆ ಹೋದ. ತಾನೇ ಹೋಗಿ ಕೇಳಿದನೋ, ಯಾದಗಿರಿಯವರು ಕರೆದು ಹೇಳಿದರೋ ನನಗೆ ತಿಳಿಯದು; ಇಬ್ಬರನ್ನೂ ಕೇಳುವ ಅವಕಾಶವಿದ್ದಾಗ ನಾನು ಕೇಳಲಿಲ್ಲ. ಆಸ್ಪತ್ರೆಯಲ್ಲಿ, ಇದು ಜೀವಕ್ಕೆ ಅಪಾಯವಿಲ್ಲದ ನಡುಕ, ಹೋಗುವುದೂ ಇಲ್ಲ ಎಂದರು. ಅಪ್ಪ ನನ್ನನ್ನು ಬೈಯಲಿಲ್ಲ. ತೊಟ್ಟಿಯ ಹತ್ತಿರವೂ ಬರಲಿಲ್ಲ. ಕಾರ್ಖಾನೆಯಿಂದ ಬಂದು ಅದಕ್ಕೆ ಬೆನ್ನು ಹಾಕಿ ಕೂರುತ್ತಿದ್ದ. ಗಾಜಿಗೆ ಹಸಿರು ಪಾಚಿ ಹಿಡಿಯಿತು, ಉದ್ದ ಎಲೆಗಳು ಮೇಲೆ ಹರಡಿ ಬೆಳಕು ಮುಚ್ಚಿದವು, ಮುಂದಿನ ಹುಲ್ಲು ಕೊಳೆತು ಹೋಯಿತು. ಡ್ರಮ್ಮಿಗೆ ನೀರು ತುಂಬುವುದನ್ನು ಮಾತ್ರ ಅವ್ವ ನಿಲ್ಲಿಸಲಿಲ್ಲ. ಯಾಕೆಂದು ಅವಳನ್ನು ಯಾರೂ ಕೇಳಲಿಲ್ಲ.

ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಭಾನುವಾರ ಅಪ್ಪ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತು ನನ್ನನ್ನು ಕರೆದ. ಕೋಠಿಯ ಅದೇ ಅಂಗಡಿ. ಎಂಟು ಇಂಚಿನವನ್ನು ತೆಗೆಸಿ, ಸಾಲಾಗಿ ಇಡಿಸಿ, ಹಿಂದೆ ಸರಿದು ನಿಂತ. ಒತ್ತಿ ನೋಡಬೇಕಾದವಳು ನಾನು. ನಾಲ್ಕನೆಯದು ಹೆಬ್ಬೆರಳಿಗೆ ಹಗುರವಾಗಿತ್ತು. ಜಡೆಗೆ ಕೈ ಹಾಕಿದೆ. ಅವನು ಬೇಡವೆಂದು ತನ್ನ ತಲೆಯನ್ನೇ ನನ್ನತ್ತ ಬಗ್ಗಿಸಿದ. ನಾನು ಅವನ ಕಿವಿಯ ಮೇಲಿನಿಂದ ಒಂದು ಬಿಳಿ ಕೂದಲು ಕಿತ್ತು ತುದಿಯಲ್ಲಿ ಹಿಡಿದೆ. ಜಾರಲಿಲ್ಲ.

"ತೊಟ್ಟಿ ಒಂದೂವರಿ ಫೂಟು ಐತಿ. ಭುಜದ ಮಟಾ ತೋಯ್ತೀನಿ" ಎಂದೆ.

"ತೋಯಲಿ. ತೋಯ್ದ ತೋಳು ಒಣಗತೈತಿ."

ಸಂಜೆ ಪಾಚಿ ಕೆರೆದು, ನೀರು ಬದಲಿಸಿ, ಹೊಸ ಹುಲ್ಲಿನ ಕಟ್ಟು ಬಿಚ್ಚಿ ನಾನು ಸ್ಟೂಲಿನ ಮೇಲೆ ಹತ್ತಿದೆ. ಅಪ್ಪ ಪಕ್ಕದ ಗಾಜಿನ ಎದುರು ನೆಲದ ಮೇಲೆ ಕೂತ, ನಾನು ಮೊದಲು ಕೂರುತ್ತಿದ್ದ ಜಾಗದಲ್ಲಿ. ತೋಳು ಭುಜದವರೆಗೆ ನೀರಿನಲ್ಲಿತ್ತು. ಚಿಮಟದ ತುದಿ ಮರಳಿಗೆ ಇಳಿದಾಗ ಅವನು, ಹುಲ್ಲನ್ನೇ ನೋಡುತ್ತ, ಹೇಳಿದ:

"ನಿನ್ನೆ ಖಿಡಕಿಗೆ ಕಬ್ಬಿಣ ಉಜ್ಜೂ ಅರ ಒಂದು ವಾಪಸ್ ಬಂತು. ಹಿಡಿಕಿಗೆ ಸೈಕಲ್ ಟ್ಯೂಬ್ ಸುತ್ತಿತ್ತು. ನೋಡಿದವ್ರು ಜಾರಬಾರದಂತ ಸುತ್ಯಾನ ಅನ್ಕೋತಾರ. ನನಗ ಹಂಗ ಕಾಣಲಿಲ್ಲ."

ನನ್ನ ಕೈ ನಿಂತಿತು.

"ನೀವೇನ್ ಮಾಡಿದ್ರಿ?"

"ಅಂವಾ ಸಡ್ಲ ಸುತ್ತಿದ್ದ. ಬಿಚ್ಚಿ, ಬಿಗಿಯಾಗಿ ಸುತ್ತಿಟ್ಟೀನಿ. ನಾಳೆ ಅದನ್ನ ಕೊಡ್ತೀನಿ."

"ಯಾರಪ್ಪಾ ಅಂವಾ?"

ಅಪ್ಪ ಗಾಜಿನ ಹತ್ತಿರಕ್ಕೆ ಸರಿದು, ಬೆರಳಿನಿಂದ ತುದಿಯ ಕಡೆ ತೋರಿಸಿದ. ಬೆರಳು ಗಾಜಿಗೆ ಟಕಟಕ ತಾಗುತ್ತಿತ್ತು, ಅದನ್ನು ಹಿಂದೆಗೆದುಕೊಳ್ಳಲಿಲ್ಲ.

"ತುದಿ ಬಿಚ್ಚು. ಸಾವಕಾಶ. ಈಗ ಎಳಕೋ."

ಬಿಚ್ಚಿ ಎಳೆದುಕೊಂಡೆ. ಹುಲ್ಲು ಮರಳಿನಲ್ಲೇ ನಿಂತಿತು. ನಾನು ಮತ್ತೆ ಹೆಸರು ಕೇಳಲಿಲ್ಲ.